‘ಬ್ಯಾಡ’ ಅನ್ನಲು ಕಲಿಸಿದ ಮೇಷ್ಟ್ರು

ನಮ್ಮ ಪಿ.ಟಿ. ಮೇಷ್ಟ್ರು ತೀರಿಕೊಂಡು ಒಂದೂವರೆ ತಿಂಗಳಾಯಿತು. ಅವರು ಕಟ್ಟಿದ ವಾಟ್ಸಾಪ್ ಗುಂಪು ಇನ್ನೂ ನನ್ನ ಫೋನಿನಲ್ಲಿದೆ. ಅದರ ಹೆಸರು ‘ದ್ವೀಪ’. ಐದು ಜನರಲ್ಲಿ ಒಬ್ಬರು ಹೋಗಿ ನಾವು ನಾಲ್ವರು ಉಳಿದಿದ್ದೇವೆ. ಯಾರೂ ಗುಂಪು ಬಿಟ್ಟಿಲ್ಲ, ಯಾರೂ ಒಂದಕ್ಷರ ಹಾಕಿಯೂ ಇಲ್ಲ.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಪ್ರಾಂಶುಪಾಲರು ಹೇಳಿದರು. ಭಾರತೀನಗರದ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ನಿವೃತ್ತರಾದವರ, ವರ್ಗವಾದವರ, ಸತ್ತವರ ಬಗ್ಗೆ ಇಂಥ ಎಷ್ಟು ಪುಟ ಟೈಪು ಮಾಡಿದ್ದೇನೋ. ಎಲ್ಲರೂ ಸರಳ ಸಜ್ಜನರು, ಶಿಸ್ತಿನ ಸಿಪಾಯಿಗಳು, ವಿದ್ಯಾರ್ಥಿಗಳ ಕಣ್ಮಣಿಗಳು. ಹೆಸರು ಬದಲಾಯಿಸಿದರೆ ಒಂದೇ ಪುಟ ಎಲ್ಲರಿಗೂ ಆಗುತ್ತದೆ. ಅಂಥದ್ದೇ ಒಂದನ್ನು ಕೊಟ್ಟು ಕೈ ತೊಳೆದುಕೊಂಡೆ. ಅದರಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವ ಹುಮ್ಮಸ್ಸೇನೂ ಇಲ್ಲ. ಬರೆಯದೆ ಇಟ್ಟುಕೊಂಡಿರುವುದು ಅದಕ್ಕಿಂತ ಸುಸ್ತು.

ಮೇಷ್ಟ್ರು ಎತ್ತರದ ಆಳಲ್ಲ. ಪಿ.ಟಿ. ಮೇಷ್ಟ್ರೆಂದರೆ ಕಣ್ಣಿಗೆ ಬರುವ ಮೈಕಟ್ಟೂ ಅವರದಲ್ಲ. ಐವತ್ತು ದಾಟಿದ ಮೇಲೆ ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಕೊರಳಲ್ಲಿ ಸೀಟಿ ತೂಗುತ್ತಿತ್ತು, ಊದಿದ್ದು ಕಡಿಮೆ. ಮೈದಾನದಲ್ಲಿ ಇನ್ನೂರು ಜನ ಗಲಾಟೆ ಮಾಡುತ್ತಿದ್ದರೆ ಸುಮ್ಮನೆ ಹೋಗಿ ನಡುವೆ ನಿಂತುಬಿಡುವರು. ಎರಡು ನಿಮಿಷದಲ್ಲಿ ಗಲಾಟೆ ತಾನಾಗಿ ಇಳಿಯುತ್ತಿತ್ತು. “ನಾವ್ ಕೂಗಿದ್ರೆ ಅವ್ರೂ ಕೂಗ್ತಾರೆ ಕಣಯ್ಯ. ಎಲ್ರೂ ಸೇರ್ಕಂಡು ಕೂಗೋದ್ಯಾಕೆ?” ಎನ್ನುವರು.

ಅವರಿಗೊಂದು ಅಭ್ಯಾಸವಿತ್ತು. ಏನೇ ಯೋಚನೆ ಬರಲಿ, ಹಳೇ ಹಾಜರಿ ಹಾಳೆಯ ಹಿಂಬದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುವರು. ಬರೆದದ್ದನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಳ್ಳುವರು. ಊಟದ ಹೊತ್ತಿಗೆ ನನ್ನ ಮೇಜಿನ ಮುಂದೆ ಕೂತು ಬಿಡಿಸುವರು. ಬೆವರಿಗೆ ಕೆಂಪು ಮಸಿ ಹರಡಿ ಅಂಗಿಯ ಜೇಬಿನ ಮೇಲೆ ಒಂದು ಕಲೆ ಖಾಯಂ ಆಗಿತ್ತು. ಅವರ ಹೆಂಡತಿ, ನಾನು ಅಕ್ಕ ಎಂದೇ ಕರೆಯುವುದು, ಆ ಕಲೆ ತೊಳೆದು ತೊಳೆದು ಸಾಕಾಗಿ ಬಿಟ್ಟುಬಿಟ್ಟಿದ್ದರು.

ಅಂಥ ಒಂದು ಹಾಳೆಯಿಂದಲೇ ಇದು ಶುರುವಾಯಿತು. ಐದಾರು ವರ್ಷದ ಹಿಂದಿನ ಮಾತು. ಮೇಷ್ಟ್ರು ಹಾಳೆ ಬಿಡಿಸಿ ನನ್ನ ಮುಂದಿಟ್ಟರು. ಒಂದು ಅಡ್ಡಗೆರೆ, ಅದು ಕರಾವಳಿ. ಆಚೆಗೆ ಎರಡು ಸೊನ್ನೆ, ಅವು ದ್ವೀಪ.

“ಶುಕ್ರವಾರ ಸಂಜೆ ಹೊರಡೋದು. ಶನಿವಾರ ದಡದ ಹತ್ರ ಅಭ್ಯಾಸ. ಭಾನುವಾರ ಬೆಳಿಗ್ಗೆ ಎರಡು ದ್ವೀಪ ಮುಟ್ಟಿ ವಾಪಸ್. ಸೋಮವಾರ ನೀನು ನಿನ್ನ ಮೇಜಿನ ಹತ್ರ ಇರ್ತೀಯ.”

“ಯಾವುದ್ರಲ್ಲಿ ಸರ್?”

“ಕಯಾಕಲ್ಲಿ.”

ನಾನು ಆ ಹೆಸರನ್ನು ಟಿ.ವಿ.ಯಲ್ಲಿ ಕೇಳಿದ್ದೆ. ಇಬ್ಬರು ಒಬ್ಬರ ಹಿಂದೊಬ್ಬರು ಕೂತು, ಎರಡು ತುದಿಗೂ ಅಗಲವಿರುವ ಹುಟ್ಟನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಹಾಕುತ್ತ ಹೋಗುವ ಸಣ್ಣ ದೋಣಿ. ಎಷ್ಟು ದೂರ ಎಂದು ಕೇಳಿದೆ. “ಮದ್ದೂರಿಂದ ಗೆಜ್ಜಲಗೆರೆ ಎಷ್ಟೋ ಅಷ್ಟೇ ಕಣಯ್ಯ. ರಸ್ತೆ ಬದ್ಲು ನೀರು” ಎಂದರು. ಮದ್ದೂರಿಂದ ಗೆಜ್ಜಲಗೆರೆಗೆ ಹೋಗುವಾಗ ಸುಸ್ತಾದರೆ ಕೈ ತೋರಿಸಿ ಬಸ್ಸು ಹತ್ತಬಹುದು ಎಂದು ನನಗೆ ಆಗಲೇ ಅನ್ನಿಸಿತ್ತು. ಹೇಳಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರನ್ನು ಯಾವುದೋ ತರಬೇತಿ ಶಿಬಿರಕ್ಕೆ ಕರಾವಳಿಗೆ ಕಳಿಸಿದ್ದರಂತೆ. ಕೊನೆಯ ದಿನ ಎಲ್ಲರನ್ನೂ ಕಯಾಕಿನಲ್ಲಿ ಒಂದು ದ್ವೀಪಕ್ಕೆ ಕರೆದುಕೊಂಡು ಹೋದರು. ಇವರಿಗೆ ಅವತ್ತು ಜ್ವರ. ದಡದಲ್ಲಿ ಚೀಲ ಕಾಯುತ್ತ ಕೂತರು. “ಹೋದೋರೆಲ್ಲ ಮಧ್ಯಾಹ್ನ ನಗ್ತಾ ಬಂದ್ರು. ಏನಿತ್ರೋ ಅಲ್ಲಿ ಅಂದೆ. ಏನೂ ಇಲ್ಲ, ಬಂಡೆ, ಹಕ್ಕಿ ಅಂದ್ರು. ಏನೂ ಇಲ್ದಿದ್ರೆ ಅಂಗ್ಯಾಕ್ ನಗ್ತಿದ್ರು ಅಂತ ಇವತ್ತಿಗೂ ತಿಳೀಲಿಲ್ಲ.” ಅಷ್ಟೇ ಅವರು ಹೇಳಿದ್ದು. ಮೂವತ್ತು ವರ್ಷ ಒಬ್ಬ ಮನುಷ್ಯ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬಲ್ಲ ಎಂದು ನನಗೆ ಆಗ ಆಶ್ಚರ್ಯವಾಗಿತ್ತು. ಈಗ ಆಗುವುದಿಲ್ಲ.

ಗುಂಪು ಕೂಡಿಸಿದರು. ಮೇಷ್ಟ್ರು, ನಾನು. ನಿಡಘಟ್ಟದ ಶಿವಲಿಂಗ, ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್, ಮೇಷ್ಟ್ರ ಹಳೇ ವಿದ್ಯಾರ್ಥಿ. ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಪುಟ್ಟಸ್ವಾಮಿ. ಇವನಿಗೆ ಅಂಗಡಿಯ ಜೊತೆಗೆ ಎರಡೆಕರೆ ಕಬ್ಬು, ಮತ್ತೆ ಎಲ್ಲ ಊರಲ್ಲೂ ನೆಂಟರು. ಐದನೆಯವರು ಸವಿತಾ ಮೇಡಂ, ಮಂಡ್ಯದಿಂದ ದಿನಾ ಬಸ್ಸಿನಲ್ಲಿ ಬಂದು ನಮ್ಮಲ್ಲಿ ಕೆಮಿಸ್ಟ್ರಿ ಪಾಠ ಮಾಡುವವರು. ಐವರಲ್ಲಿ ನಿಜವಾಗಿ ಹುಟ್ಟು ಹಾಕಲು ಬರುತ್ತಿದ್ದದ್ದು ಅವರೊಬ್ಬರಿಗೇ ಎಂದು ಆಮೇಲೆ ಗೊತ್ತಾಯಿತು.

ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಮೇಷ್ಟ್ರು ಎರಡು ಹಳೇ ಕಯಾಕ್ ತಂದರು. ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಹಳದಿ ಬಣ್ಣದ ಆ ಎರಡು ವಸ್ತುಗಳು ಮಳವಳ್ಳಿ ರಸ್ತೆಯಲ್ಲಿ ಹೋಗುವಾಗ ಜನ ನಿಂತು ನೋಡಿದರು. ಆ ರಸ್ತೆಯ ಒಂದು ಕೆರೆಯಲ್ಲಿ ನಮ್ಮ ಅಭ್ಯಾಸ. ಮೀನು ಗುತ್ತಿಗೆ ಹಿಡಿದಿದ್ದವನು ಏರಿಯ ಮೇಲೆ ಬಂದು ನಿಂತ.

“ಮೇಷ್ಟ್ರೇ, ಇದ್ರಾಗೆ ಬಲೆ ಎಲ್ ಮಡಗ್ತೀರಿ?”

“ಬಲೆ ಇಲ್ಲ ಕಣಪ್ಪ. ಸುಮ್ನೆ ಹೋಗಿ ಬರೋದು.”

“ಸುಮ್ಕೆಯಾ?”

“ಸುಮ್ಕೆ.”

ಅವನು ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, ಬೀಡಿ ಹಚ್ಚಿ, ಹೊರಟುಹೋದ.

ಸಮುದ್ರದ ಉಬ್ಬರ ಇಳಿತವನ್ನು ಅವರು ನಮಗೆ ಹೇಳಿಕೊಟ್ಟದ್ದು ಹೀಗೆ: “ನಾಲೆಗೆ ನೀರ್ ಬುಡೋನು ಇಂಜಿನಿಯರು. ಅಲ್ಲಿ ಬುಡೋನು ಚಂದ್ರ. ನಾಲೆಗಾದ್ರೆ ಧರಣಿ ಕೂರಬಹುದು, ಚಂದ್ರನ ಮುಂದೆ ಕೂರಕ್ಕಾಗಲ್ಲ. ಅವನು ಹೇಳಿದ್ ಹೊತ್ತಿಗೆ ನಾವು ಹೋಗ್ಬೇಕು.” ಪುಟ್ಟಸ್ವಾಮಿಗೆ ಇದು ಎಷ್ಟು ಹಿಡಿಸಿತೆಂದರೆ ಗೊಬ್ಬರ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದ.

ಮೊದಲ ಸಲ ದಿನ ಗೊತ್ತು ಮಾಡಿದಾಗ ಏನಾಯಿತೆಂದು ಹೇಳಬೇಕು. ನಮ್ಮ ಕಡೆಯವರನ್ನು ಬಾಯಿ ಒರಟು ಎನ್ನುತ್ತಾರೆ, ಸರಿಯೇ. ಬಯ್ಯುವುದಕ್ಕೆ ನಮಗೆ ಸಂಕೋಚವಿಲ್ಲ, ಜಗಳಕ್ಕೆ ಮುಹೂರ್ತ ಬೇಕಿಲ್ಲ. ಆದರೆ ಕರೆದವರ ಮುಖಕ್ಕೆ ‘ಬರಲ್ಲ’ ಎನ್ನಲು ಮಾತ್ರ ನಾಲಿಗೆ ಏಳುವುದಿಲ್ಲ. ಮದುವೆ ಪತ್ರಿಕೆ ಕೊಟ್ಟವರಿಗೆ, ಬೀಗರೂಟಕ್ಕೆ ಕರೆದವರಿಗೆ, ತಿಥಿಗೆ ಹೇಳಿಹೋದವರಿಗೆ ಎಲ್ಲರಿಗೂ ಒಂದೇ ಉತ್ತರ: ‘ಬತ್ತೀವಿ ಬುಡಿ’. ಹೋಗುವುದು ಬಿಡುವುದು ಆಮೇಲಿನ ಮಾತು. ಮೇಷ್ಟ್ರಿಗೂ ನಾವೆಲ್ಲ ಹಾಗೇ ಅಂದಿದ್ದೆವು.

ಶುಕ್ರವಾರ ಸಂಜೆ ಮದ್ದೂರು ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಐದು ಲೈಫ್ ಜಾಕೆಟ್ ಇಟ್ಟುಕೊಂಡು ಕೂತಿದ್ದರು. ಹೋದವರು ನಾನು ಮತ್ತು ಸವಿತಾ ಮೇಡಂ. ಶಿವಲಿಂಗನ ಹೆಂಡತಿಯ ಚಿಕ್ಕಪ್ಪನ ಮಗಳ ಬೀಗರೂಟ ಭಾನುವಾರ. ಪುಟ್ಟಸ್ವಾಮಿಗೆ ಸಕ್ಕರೆ ಕಾರ್ಖಾನೆಯಿಂದ ಕಟಾವಿನ ಆರ್ಡರ್ ಬಂದಿತ್ತು, ಕಬ್ಬು ಕಡಿಯುವವರು ಬೆಳಿಗ್ಗೆ ಗದ್ದೆಗೆ ಇಳಿಯುತ್ತಾರೆ. ಇಬ್ಬರೂ ಫೋನು ಎತ್ತಲಿಲ್ಲ. ರಾತ್ರಿ ಬಸ್ಸು ಬಂದು ಹೋಯಿತು. ಮೇಷ್ಟ್ರಿಗೆ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. “ಯಾರೂ ಸುಳ್ ಹೇಳ್ಲಿಲ್ಲ ಕಣಯ್ಯ” ಎಂದರು. “ಬತ್ತೀನಿ ಅಂದಾಗ ಇಬ್ರೂ ನಿಜವಾಗ್ಲೂ ಬರೋರೇ. ತಪ್ಪು ನಂದು. ಬರಲ್ಲ ಅನ್ನಕ್ಕೆ ನಾನು ದಾರಿನೇ ಬುಡ್ಲಿಲ್ಲ.”

ಎರಡನೆಯ ಸಲಕ್ಕೆ ಅವರು ಕೆಂಪು ಪೆನ್ನಿನಲ್ಲಿ ಒಂದು ಪಟ್ಟಿ ಮಾಡಿದರು. ನಮ್ಮ ಐವರ ಮನೆ ಕಡೆ, ಹೆಂಡತಿ ಕಡೆ, ಗಂಡನ ಕಡೆ ಆರು ತಿಂಗಳಲ್ಲಿ ಯಾರ ಮದುವೆ ಇದೆ, ಬೀಗರೂಟ ಯಾವಾಗ, ಊರಿನ ಹಬ್ಬ ಯಾವಾಗ, ಕಬ್ಬಿಗೆ ತಿಂಗಳೆಷ್ಟಾಯಿತು, ಯಾವ ವಾರ ಕಟಾವಿಗೆ ಬರಬಹುದು. ಅದನ್ನು ಟೈಪು ಮಾಡಿದವನು ನಾನೇ. ಅರ್ಧ ವರ್ಷದಲ್ಲಿ ಐದು ಜನಕ್ಕೂ ಬಿಡುವಿದ್ದ ಶನಿವಾರ ಭಾನುವಾರ ಎರಡು ಸಿಕ್ಕಿದವು. ಒಂದರಂದು ಶಿವಲಿಂಗನ ಅಜ್ಜಿ ತೀರಿಕೊಂಡರು. ಪಟ್ಟಿಯಲ್ಲಿ ಅದಕ್ಕೆ ಅಂಕಣ ಇರಲಿಲ್ಲ. ಇನ್ನೊಂದರಂದು ನಾವು ಹೊರಟು ಹಾಸನದವರೆಗೆ ಹೋದ ಮೇಲೆ ಆ ಕಡೆಯಿಂದ ಫೋನು ಬಂತು, ಗಾಳಿ ಎದ್ದಿದೆ, ಬರಬೇಡಿ ಎಂದು. ಹಾಸನದಲ್ಲಿ ಟೀ ಕುಡಿದು ವಾಪಸು ಬಂದೆವು. ಸೋಮವಾರ ನಾನು ನನ್ನ ಮೇಜಿನ ಹತ್ತಿರ ಇದ್ದೆ, ಅದೊಂದು ಮಾತು ಅವರು ಹೇಳಿದ ಹಾಗೆ ನಡೆಯಿತು. ನನಗೆ ಆಗಲೇ ಸಾಕಾಗಿತ್ತು. ಶನಿವಾರ ಬಂದರೆ ಮನೆಯಲ್ಲಿ ಕಾಲು ಚಾಚಿಕೊಂಡು ಮಲಗಬೇಕು ಎನ್ನುವುದೇ ನನ್ನ ದೊಡ್ಡ ಆಸೆಯಾಗಿತ್ತು. ಆದರೆ ಆ ಹಾಳೆ ಹಿಡಿದು ಎದುರು ಕೂತ ಮುಖಕ್ಕೆ ಅದನ್ನು ಹೇಳುವುದು ಹೇಗೆ? ‘ಬತ್ತೀನಿ ಸರ್’ ಎನ್ನುತ್ತಿದ್ದೆ.

ಅವರಿಗೆ ಗೊತ್ತಾಗಿರಬೇಕು. ಒಂದು ಭಾನುವಾರ ಕೆರೆಯ ಹತ್ತಿರ ಎಲ್ಲರನ್ನೂ ಕೂರಿಸಿ ಒಂದು ನಿಯಮ ಹೇಳಿದರು.

“ನೀರಿಗೆ ಇಳಿಯೋ ಮುಂಚೆ ಒಬ್ಬೊಬ್ರನ್ನೂ ಕೇಳ್ತೀನಿ. ಹೂಂ, ಇಲ್ಲಾಂದ್ರೆ ಬ್ಯಾಡ. ಬತ್ತೀನಿ ಬುಡಿ ಅನ್ನಂಗಿಲ್ಲ. ಒಬ್ರು ಬ್ಯಾಡ ಅಂದ್ರೂ ಎಲ್ರೂ ವಾಪಸ್. ಯಾಕೆ ಅಂತ ಯಾರೂ ಕೇಳಂಗಿಲ್ಲ. ನಾನೂ ಕೇಳಲ್ಲ.”

“ಅದ್ಯಾಕ್ ಎಲ್ರೂ ವಾಪಸ್ಸು?” ಎಂದ ಪುಟ್ಟಸ್ವಾಮಿ. “ಬ್ಯಾಡ ಅಂದೋನು ಕುಂತಿರ್ಲಿ, ಮಿಕ್ಕೋರು ಓಗಾಣ.”

“ಹೆದರಿದೋನು ಒಬ್ನೇ ದಡದಲ್ಲಿ ಕೂರ್ಬೇಕು ಅಂತಾದ್ರೆ ಯಾವನೂ ಬ್ಯಾಡ ಅನ್ನಲ್ಲ ಕಣಯ್ಯ. ನಾಚ್ಕೆಗೆ ದೋಣಿ ಹತ್ತುತಾನೆ. ನಡು ನೀರಲ್ಲಿ ಅವನ ಕೈ ಕಾಲು ನಡುಗಿದ್ರೆ ನೀನು ಏನ್ ಮಾಡೀಯ?”

ಆಮೇಲೆ ಅದರ ಅಭ್ಯಾಸ ಬೇರೆ. ಹುಟ್ಟು ಹಾಕುವ ಅಭ್ಯಾಸಕ್ಕಿಂತ ‘ಬ್ಯಾಡ’ ಅನ್ನುವ ಅಭ್ಯಾಸವೇ ಜಾಸ್ತಿಯಾಯಿತು. ಪ್ರತಿ ವಾರ ಒಬ್ಬೊಬ್ಬರ ಸರದಿ. ಸರದಿ ಇದ್ದವರು ಏನೂ ಕಾರಣವಿಲ್ಲದೆ ‘ಬ್ಯಾಡ’ ಎನ್ನಬೇಕು, ಉಳಿದವರು ಸುಮ್ಮನೆ ದೋಣಿ ಎತ್ತಿ ಏರಿಗೆ ತರಬೇಕು. ಸವಿತಾ ಮೇಡಂ ಮೊದಲ ದಿನವೇ ಗಟ್ಟಿಯಾಗಿ ಅಂದರು. ಶಿವಲಿಂಗ ನೆಲ ನೋಡಿಕೊಂಡು ಅಂದ. ಪುಟ್ಟಸ್ವಾಮಿ ಬೇರೆಯವರು ಅಂದಾಗಲೆಲ್ಲ ಬಾಯಿ ತಡೆಯದೆ “ಯಾಕ್ಲಾ?” ಎಂದುಬಿಡುವನು. ಹಾಗೆ ಕೇಳಿದ್ದಕ್ಕೆ ಶಿಕ್ಷೆ, ಒಬ್ಬನೇ ಕಯಾಕ್ ಎಳೆದು ತರುವುದು. ನನ್ನ ಸರದಿ ಮೂರು ಸಲ ಬಂದರೂ ನಾನು ‘ಬ್ಯಾಡ’ ಅನ್ನಲಾಗದೆ ನಿಂತೆ. “ಸರ್, ಇವತ್ತು ಬಿಸಿಲು ಜಾಸ್ತಿ...” ಎನ್ನುವೆ. “ಬಿಸಿಲಿನ ಸಮಾಚಾರ ಕೇಳ್ಲಿಲ್ಲ. ಏನಂತೀಯ?” ಎನ್ನುವರು. “ಹೂಂ ಸರ್” ಎನ್ನುವೆ. ನಾಲ್ಕನೆಯ ಸಲ ‘ಬ್ಯಾಡ’ ಅಂದೆ. ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಮನೆಗೆ ಬರುವಾಗ ಬೈಕಿನಲ್ಲಿ ನಗು ಬರುತ್ತಿತ್ತು, ಏನೋ ದೊಡ್ಡದು ಗೆದ್ದ ಹಾಗೆ.

ಒಮ್ಮೆ ಸವಿತಾ ಮೇಡಂ ಕೇಳಿದರು: “ಸರ್, ಅಲ್ಲಿಗೆ ಮೋಟಾರ್ ಬೋಟಲ್ಲೂ ಹೋಗ್ಬಹುದಲ್ವಾ? ಅರ್ಧ ಗಂಟೆ ಅಷ್ಟೆ.” ಮೇಷ್ಟ್ರು ಹುಟ್ಟು ಒರೆಸುತ್ತಿದ್ದರು. “ಹೋಗ್ಬಹುದು ಕಣಮ್ಮ. ಕರ್ಕೊಂಡ್ ಹೋದಂಗಾಯ್ತದೆ. ಹೋದಂಗಾಗಲ್ಲ” ಎಂದರು.

ಹೀಗೇ ನಾಲ್ಕು ವರ್ಷ ಕಳೆಯಿತು. ಆ ಡಿಸೆಂಬರಿನಲ್ಲಿ ಅವರ ಬಲಗೈ ಮೇಲೇಳುವುದು ಕಷ್ಟವಾಯಿತು. ಮೊದಮೊದಲು ಬೋರ್ಡಿನ ಮೇಲೆ ಬರೆಯುವಾಗ ಎಡಗೈಯಿಂದ ಬಲ ಮೊಣಕೈ ಎತ್ತಿ ಹಿಡಿದುಕೊಳ್ಳುವರು. ಒಂದು ದಿನ ನನ್ನ ಬೈಕಿನಲ್ಲಿ ಮಂಡ್ಯಕ್ಕೆ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಚಿತ್ರ ತೋರಿಸಿ ಹೇಳಿದರು. ಭುಜದ ಒಳಗೆ ನರದಂಥದ್ದು ಹರಿದಿದೆ, ಬೇಗ ಆಪರೇಷನ್ ಮಾಡಬೇಕು, ಮಾಡಿದ ಮೇಲೆ ಊಟ ತಿಂಡಿ ಅಂಗಿ ಗುಂಡಿಗೆ ತೊಂದರೆಯಿಲ್ಲ, ಹುಟ್ಟು ಹಾಕುವುದು ಮಾತ್ರ ಇನ್ನಿಲ್ಲ. ಮೇಷ್ಟ್ರು ತಲೆಯಾಡಿಸಿ, “ಸಂಕ್ರಾಂತಿ ಕಳೀಲಿ ಸರ್” ಎಂದರು. ಡಾಕ್ಟರು ಒಂದು ತಿಂಗಳು ಕೊಟ್ಟರು, ಬೈದುಕೊಂಡೇ.

ಹೊರಗೆ ಬಂದು ಎಳನೀರು ಕುಡಿಯುವಾಗ ನನಗೆ ಹೇಳಿದರು: “ಜನವರಿ ಕೊನೇ ಶನಿವಾರ ಭಾನುವಾರ. ಪಟ್ಟೀಲಿ ಖಾಲಿ ಐತೆ. ಅದೊಂದೇ ಉಳಿದಿರೋದು. ಸವಿತಾ ಮೇಡಂ ಜೊತೆ ಕೂರ್ತೀನಿ. ಆಯಮ್ಮನ ಕೈ ಗಟ್ಟಿ, ಹಿಂದೆ ಮೋಟಾರ್ ಬೋಟ್ ಬೇರೆ ಇರ್ತದೆ, ನನ್ನಿಂದ ಯಾರ್ಗೂ ತೊಂದ್ರೆ ಆಗಲ್ಲ.”

“ಎಲ್ಲರಿಗೂ ಹೇಳಿಬಿಡೋಣ ಸರ್. ಆಗ ಯಾರೂ ತಪ್ಪಿಸಲ್ಲ.”

“ಹೇಳ್ಕೂಡ್ದು. ಹೇಳಿದ್ರೆ ನನ್ನ ಮೇಲಿನ ಕನಿಕರಕ್ಕೆ ಯಾರೂ ಬ್ಯಾಡ ಅನ್ನಲ್ಲ. ಆಮೇಲೆ ನಾಲ್ಕು ವರ್ಷ ಹೇಳ್ಕೊಟ್ಟಿದ್ದು ನೀರಲ್ಲಿ ಹೋಯ್ತದೆ. ನೀನು ಗಾಡಿ ಓಡಿಸ್ದೆ ಅಂತ ನಿಂಗ್ ಗೊತ್ತಾಯ್ತು. ಅಷ್ಟೇ ಸಾಕು.”

ಆ ಜನವರಿ ಯಾವ ಅಡ್ಡಿಯೂ ಬರಲಿಲ್ಲ. ಯಾರೂ ಸಾಯಲಿಲ್ಲ, ಯಾರೂ ಮದುವೆಯಾಗಲಿಲ್ಲ. ಪುಟ್ಟಸ್ವಾಮಿಯ ಕಬ್ಬು ಸಂಕ್ರಾಂತಿಗೆ ಮೊದಲೇ ಕಟಾವಾಗಿತ್ತು. ಅವನು ಮುದ್ದೆಗೆಂದು ಮೂರು ಸೇರು ರಾಗಿ ಹಿಟ್ಟು, ಒಂದು ಪಾತ್ರೆ, ಮುದ್ದೆಕೋಲು ಸಮೇತ ಬಂದ. ಮೇಷ್ಟ್ರು ತಕ್ಕಡಿ ಹಿಡಿದವರ ಹಾಗೆ ಅವನ ಚೀಲವನ್ನು ಎಡಗೈಯಲ್ಲಿ ಎತ್ತಿ ನೋಡಿ, ಮುದ್ದೆಕೋಲು ಒಂದನ್ನು ಇಟ್ಟುಕೊಳ್ಳಲು ಬಿಟ್ಟು ಉಳಿದದ್ದನ್ನು ನಾವು ಇಳಿದುಕೊಂಡಿದ್ದ ದಡದ ಮನೆಯಲ್ಲಿ ಬಿಡಿಸಿದರು. ಪೊಲೀಸರಿಗೆ ಕೊಡುವ ಅರ್ಜಿ, ಮನೆಯವರ ಫೋನ್ ನಂಬರು, ಯಾರ ರಕ್ತದ ಗುಂಪು ಯಾವುದು, ಎಲ್ಲ ನಾನು ಟೈಪು ಮಾಡಿದ್ದೆ. ಮಂಡ್ಯ ಜಿಲ್ಲೆಯಲ್ಲಿ ಯಾವ ಚುನಾವಣೆಗೂ ಇಷ್ಟು ಕಾಗದ ತಯಾರಾಗಿರಲಿಕ್ಕಿಲ್ಲ.

ಶನಿವಾರ ಅಲ್ಲಿನವರ ಮೂರು ಕಯಾಕಿನಲ್ಲಿ ದಡದ ಹತ್ತಿರ ಅಭ್ಯಾಸ ಚೆನ್ನಾಗಿಯೇ ನಡೆಯಿತು. ನಾನು ಶಿವಲಿಂಗನ ಜೊತೆ, ಮೇಷ್ಟ್ರು ಸವಿತಾ ಮೇಡಂ ಜೊತೆ, ಪುಟ್ಟಸ್ವಾಮಿ ಅಲ್ಲಿನ ಮಾರ್ಗದರ್ಶಿಯ ಜೊತೆ. ಮೇಷ್ಟ್ರ ಬಲಗೈ ಅರ್ಧದವರೆಗಷ್ಟೇ ಏಳುತ್ತಿತ್ತು. ಅದನ್ನು ನೋಡಿದವನು ನಾನೊಬ್ಬನೇ. ಮೇಡಂ ಮುಂದೆ ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಮರಳಿನ ಮೇಲೆ ನಿಂತೆವು. ಸಮುದ್ರ ಶಾಂತವಾಗಿತ್ತು. ದ್ವೀಪ ದೂರದಲ್ಲಿ ಕಪ್ಪಗೆ ಕಾಣುತ್ತಿತ್ತು. ಮಾರ್ಗದರ್ಶಿ ಹೇಳಿದ, “ಗಾಳಿ ಹತ್ತೂವರೆ ಮೇಲೆ ಏಳ್ತದೆ. ಈಗ ಹೊರಟ್ರೆ ಅಡ್ಡಿಲ್ಲ.” ನಾನು ಆ ದ್ವೀಪ ನೋಡಿದೆ. ನಮ್ಮ ಕೆರೆಯಲ್ಲಿ ಎತ್ತ ತಿರುಗಿದರೂ ಏರಿ ಕಾಣುತ್ತದೆ, ಹುಣಸೆಮರ ಕಾಣುತ್ತದೆ, ಎಮ್ಮೆ ಮೇಯಿಸುವವರು ಕಾಣುತ್ತಾರೆ. ಇಲ್ಲಿ ದ್ವೀಪದ ಆಚೆ ಈಚೆ ಏನೂ ಇರಲಿಲ್ಲ. ನೀರು ಎಲ್ಲಿ ಮುಗಿಯುತ್ತದೆ ಎಂದೇ ಗೊತ್ತಾಗುತ್ತಿರಲಿಲ್ಲ. ಹೆಂಡತಿ, ಮಗಳು, ಮದ್ದೂರಿನ ಮನೆಯ ಬಚ್ಚಲಿನ ಸೋರುವ ನಲ್ಲಿ, ಎಲ್ಲ ಒಟ್ಟಿಗೆ ನೆನಪಾಯಿತು.

ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳಿದರು.

“ಹೂಂ ಸರ್” ಎಂದರು ಮೇಡಂ. ಶಿವಲಿಂಗ “ಊಂ” ಎಂದ.

ಪುಟ್ಟಸ್ವಾಮಿ, “ಬತ್ತೀನಿ ಬುಡಿ ಮೇಷ್ಟ್ರೇ.”

“ಹಂಗಲ್ಲ.”

“ಊಂ ಕಣ್ರೀ, ಊಂ.”

ನನ್ನ ಕಡೆ ತಿರುಗಿದರು. ಅವರ ಎಡಗೈ ಬಲಭುಜದ ಮೇಲಿತ್ತು.

“ಬ್ಯಾಡ ಸರ್” ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಕಾರಣ ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದೆ, “ಹೊಟ್ಟೆ ನೋವು.”

ಮೇಷ್ಟ್ರು ನನ್ನನ್ನು ನೋಡಲಿಲ್ಲ. ಸಮುದ್ರ ನೋಡಿದರು. ಬಹಳ ಹೊತ್ತೇನಲ್ಲ, ಒಂದು ಅಲೆ ಬಂದು ಹೋಗುವಷ್ಟು. “ಸರಿ. ಎತ್ರಪ್ಪ ದೋಣಿ” ಎಂದರು. ಮಾರ್ಗದರ್ಶಿಗೆ ಅರ್ಥವಾಗಲಿಲ್ಲ. “ಇವ್ರು ಇಲ್ಲೇ ಇರ್ಲಿ, ನಾವು ಹೋಗಿ ಬರುವ” ಎಂದ. “ಇಲ್ಲ, ನಾವು ಐದು ಜನ” ಎಂದರು ಮೇಷ್ಟ್ರು. ಪುಟ್ಟಸ್ವಾಮಿ ನನ್ನ ಕಡೆ ತಿರುಗಿ ಬಾಯಿ ತೆರೆದ. ಮೇಷ್ಟ್ರು ಬೆರಳೆತ್ತಿದರು, ಅವನು ಬಾಯಿ ಮುಚ್ಚಿದ. ‘ಸರ್, ಹೂಂ, ಹೋಗೋಣ’ ಎಂದು ತಿದ್ದಿಕೊಳ್ಳಲು ನನಗೆ ಹೊತ್ತಿತ್ತು. ದೋಣಿಗಳನ್ನು ಮರಳಿನಿಂದ ಮೇಲಕ್ಕೆ ಹೊತ್ತು, ಲೈಫ್ ಜಾಕೆಟ್ ಬಿಚ್ಚಿ, ತೊಳೆದು, ಒಣಗಲು ಹಾಕುವವರೆಗೂ ಹೊತ್ತಿತ್ತು.

ವಾಪಸು ಬರುವಾಗ ಗಾಡಿಯಲ್ಲಿ ಪುಟ್ಟಸ್ವಾಮಿ ನನ್ನ ಕಿವಿಯಲ್ಲಿ, “ನೀನ್ ಅಂದಿದ್ದೇ ಒಳ್ಳೇದಾಯ್ತು ಕಣ್ಲಾ, ನಂಗೂ ಎದೆ ಡವಗುಟ್ತಿತ್ತು” ಎಂದ. ಅದರಿಂದ ನನಗೆ ಸಮಾಧಾನವಾಯಿತು ಎಂದರೆ ನಾಚಿಕೆಯಾಗುತ್ತದೆ, ಆದರೆ ಆಯಿತು. ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ ವಡೆ ತಿಂದೆವು.

ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಹೇಳಿದ ಹಾಗೆಯೇ ಆಯಿತು. ಕೈ ಎದೆಯವರೆಗೆ ಏಳುತ್ತಿತ್ತು, ಅದರ ಮೇಲೆ ಇಲ್ಲ. ಕಯಾಕ್ ಎರಡನ್ನೂ ಮೇಷ್ಟ್ರು ಮೀನಿನ ಗುತ್ತಿಗೆದಾರನಿಗೆ ಕೊಟ್ಟುಬಿಟ್ಟರು. ಅವನು ಏರಿಯ ಮೇಲೆ ಬೋರಲು ಹಾಕಿ ಅಡಿಯಲ್ಲಿ ಬಲೆ ಇಟ್ಟುಕೊಂಡಿದ್ದಾನೆ. ಗುಂಪಿನವರಿಗೆ ಭುಜದ ವಿಷಯ ಆಗ ಗೊತ್ತಾಯಿತು. ಇದು ಈಚೆಗೆ ಬಂದ ನೋವು ಎಂದುಕೊಂಡರು. ನಾನೂ ತಿದ್ದಲಿಲ್ಲ. ಮೇಷ್ಟ್ರ ಭುಜ ಉಳಿಯಲಿ ಎಂದೇ ನಾನು ಬ್ಯಾಡ ಅಂದದ್ದು ಎಂದು ಒಂದು ವರ್ಷ ನನಗೆ ನಾನೇ ಹೇಳಿಕೊಂಡು ನೋಡಿದೆ. ಸುಳ್ಳು ಹೇಳಲು ನನ್ನ ಕಿವಿಗಿಂತ ಸುಲಭದ ಕಿವಿ ಸಿಕ್ಕಲಿಲ್ಲ. ಆದರೂ ಆ ಸುಳ್ಳು ನಿಲ್ಲಲಿಲ್ಲ. ಹೆದರಿ ಅಂದದ್ದು, ಅಷ್ಟೇ. ಅದರ ಜೊತೆಗೆ ಸುಸ್ತು, ಮನೆಗೆ ಹೋಗಿ ಮಲಗುವ ಆಸೆ.

ಈ ವರ್ಷ ಅವರ ಎ‌ದೆಯ ತೊಂದರೆ ಶುರುವಾದ ಮೇಲೆ, ತೀರಿಕೊಳ್ಳುವುದಕ್ಕೆ ಹತ್ತು ದಿನ ಮೊದಲು, ಮನೆಗೆ ಹೋಗಿದ್ದೆ. ಸಂಜೆ ಹೊತ್ತು. ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ರಸ್ತೆಯಲ್ಲಿ ಕಬ್ಬಿನ ಲಾರಿಗಳು ಸಾಲಾಗಿ ನಿಂತಿದ್ದವು. ಅಕ್ಕ ಕಾಫಿ ತಂದುಕೊಟ್ಟು ಒಳಗೆ ಹೋದರು. ಮೇಷ್ಟ್ರು ಎಡಗೈಯಲ್ಲಿ ಲೋಟ ಹಿಡಿದರು. ಮುಖ ಇಳಿದಿತ್ತು. ಕಾಲೇಜಿನ ಸುದ್ದಿ ಹೇಳಿದೆ, ಪುಟ್ಟಸ್ವಾಮಿಯ ಸುದ್ದಿ ಹೇಳಿದೆ, ಹೇಳಲು ಇನ್ನೇನೂ ಉಳಿಯಲಿಲ್ಲ.

“ಸರ್, ಅವತ್ತು ನನಗೆ ಹೊಟ್ಟೆ ನೋವು ಇರಲಿಲ್ಲ” ಎಂದೆ.

“ಗೊತ್ತು ಕಣಯ್ಯ. ಹೊಟ್ಟೆ ನೋವಿನೋನು ಮದ್ದೂರಲ್ಲಿ ಮೂರು ವಡೆ ತಿಂತಾನಾ?”

ಇಬ್ಬರೂ ನಕ್ಕೆವು. ನಕ್ಕದ್ದಕ್ಕೆ ಅವರಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಬೆನ್ನು ನೀವಿದೆ.

“ನನಗೆ ಹೆದರಿಕೆಯಾಯಿತು ಸರ್.”

“ಅದ್ಕೇ ಅಲ್ವಾ ನಿಯಮ ಮಾಡಿದ್ದು. ಸರಿಯಾಗೇ ಮಾಡ್ದೆ ಬುಡು.”

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಷ್ಟು ಸುಲಭಕ್ಕೆ ಮುಗಿಯುವುದನ್ನು ಇಷ್ಟು ದಿನ ಹೊತ್ತು ತಿರುಗಿದೆನಲ್ಲ ಎಂದುಕೊಂಡೆ. ಎದ್ದು ಹೊರಡಲು ಚಪ್ಪಲಿ ಮೆಟ್ಟಿದೆ. ಮೇಷ್ಟ್ರು ಲಾರಿಗಳನ್ನೇ ನೋಡುತ್ತಿದ್ದರು. ತುಂಬ ದಣಿದ ಧ್ವನಿಯಲ್ಲಿ, ಸಿಟ್ಟಿಲ್ಲದೆ, ಹೇಳಿದರು:

“ಮಿಕ್ಕ ಮೂರು ಜನಕ್ಕೆ ಗೊತ್ತಿರ್ಲಿಲ್ಲ. ನಿಂಗ್ ಗೊತ್ತಿತ್ತಲ್ಲ ಕಣಯ್ಯ.”

ಅದು ಪ್ರಶ್ನೆಯಲ್ಲ. ಯಾಕೆ ಎಂದು ಕೇಳಬಾರದು ಎಂಬ ತಮ್ಮ ನಿಯಮವನ್ನು ಅವರು ಆಗಲೂ ಮುರಿಯಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತುಕೊಂಡೇ, “ಹೂಂ ಸರ್, ಗೊತ್ತಿತ್ತು” ಎಂದೆ.